ದುಡ್ಡು ಕಟ್ಟದೆ ಸೈಟೇಶನ್ ಏರಿಸಿದ್ದು: ನನ್ನ ಅನುಭವ

ದೊಡ್ಡ ಜರ್ನಲ್‌ನಲ್ಲಿ ಪೇಪರ್ ಬರದೆ ಸೈಟೇಶನ್ (ಬೇರೆಯವರು ತಮ್ಮ ಪೇಪರ್‌ನಲ್ಲಿ ನಮ್ಮದನ್ನು ಉಲ್ಲೇಖಿಸುವುದು) ಏರುವುದಿಲ್ಲ ಅಂತ ನನಗೆ ಬುದ್ಧಿ ಹೇಳಿದವರು ಬಹಳ ಜನ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಸೈಟೇಶನ್ ಲೆಕ್ಕ ಇಡುವ ಸ್ಕೋಪಸ್ ತಾಣದಲ್ಲಿ ನನ್ನ ಎಚ್-ಇಂಡೆಕ್ಸ್ 11 ಇತ್ತು, ಅಂದರೆ ತಲಾ 11 ಅಥವಾ ಹೆಚ್ಚು ಸೈಟೇಶನ್ ಇರುವ 11 ಪೇಪರ್. ಈಗ 18 ಇದೆ. ಒಟ್ಟು ಸೈಟೇಶನ್ ಆಗ 500ರ ಆಸುಪಾಸು, ಈಗ 1300 ದಾಟಿದೆ. ಸ್ವಂತ ಸೈಟೇಶನ್ ತೆಗೆದು ನೋಡಿದರೂ ಹೆಚ್ಚೇನೂ ಇಳಿಯುವುದಿಲ್ಲ, ಸ್ಕೋಪಸ್‌ನಲ್ಲಿ ಆ ಗುಂಡಿ ಒತ್ತಿ ನೋಡಿಯೇ ಹೇಳುತ್ತಿದ್ದೇನೆ. ಇಷ್ಟಕ್ಕೆ ನಾನು ಖರ್ಚು ಮಾಡಿದ್ದು ಸಮಯ ಮಾತ್ರ.

ನನ್ನ ಕೆಲಸ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬಯೋಫಿಲ್ಮ್ (ಗುಂಪಾಗಿ ಮೇಲ್ಮೈಗೆ ಅಂಟಿ ಕಟ್ಟುವ ಪದರ) ಮೇಲೆ. ಯಾವ ಔಷಧ ಎಷ್ಟು ಬಯೋಫಿಲ್ಮ್ ತಡೆಯುತ್ತದೆ ಅಂತ 96 ವೆಲ್ (ಸಣ್ಣ ಗುಳಿ) ಇರುವ ಪ್ಲೇಟ್‌ನಲ್ಲಿ ನೋಡುವುದು. ಮುಖಪುಟದ ಸುದ್ದಿಯಾಗುವ ವಿಷಯ ಅಲ್ಲ, ಆದರೆ ಲ್ಯಾಬ್‌ಗಳಿಗೆ ದಿನನಿತ್ಯ ಬೇಕಾದದ್ದು.

ಮೊದಲು ಹೆಸರಿನ ಗೋಜಲು ಬಿಡಿಸಿದೆ. ಸ್ಕೋಪಸ್‌ನಲ್ಲಿ ನಾನು ಮೂರು ಜನ ಆಗಿದ್ದೆ. ಒಂದರಲ್ಲಿ ಒಂದೇ ಇನಿಷಿಯಲ್, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಪೂರ್ತಿ ಹೆಸರು. ಅದೂ ಸಾಲದು ಅಂತ ನನ್ನ ಮುಖ್ಯ ಪ್ರೊಫೈಲ್‌ನಲ್ಲಿ ನನ್ನದೇ ಹೆಸರಿನ ಹೃದ್ರೋಗ ಸಂಶೋಧಕರೊಬ್ಬರ ಪೇಪರ್‌ಗಳೂ ಸೇರಿದ್ದವು. ಅವಕ್ಕೆ ಒಳ್ಳೆಯ ಸೈಟೇಶನ್ ಇತ್ತು. ಮೊದಲು ಅವನ್ನು ತೆಗೆಸಿದೆ. ಎಚ್-ಇಂಡೆಕ್ಸ್ 11ರಿಂದ 9ಕ್ಕೆ ಬಿತ್ತು. "ಬಿಟ್ಟುಬಿಡಬಾರದಿತ್ತಾ, ಯಾರು ನೋಡ್ತಾರೆ?" ಅಂದರು ಪಕ್ಕದ ಲ್ಯಾಬ್‌ನವರು. ನೋಡುವವರು ನೋಡುತ್ತಾರೆ. ಬಡ್ತಿ ಸಮಿತಿಯಲ್ಲಿ ಕೂತವರಿಗೆ ಬಯೋಫಿಲ್ಮ್ ಮಾಡುವವನ ಪಟ್ಟಿಯಲ್ಲಿ ಆಂಜಿಯೋಪ್ಲಾಸ್ಟಿ ಕಂಡರೆ ಇಡೀ ಪಟ್ಟಿಯ ಮೇಲೇ ಅನುಮಾನ ಬರುತ್ತದೆ. ಆಮೇಲೆ ನನ್ನ ಮೂರೂ ಪ್ರೊಫೈಲ್ ಒಂದಾದವು, ಸಂಖ್ಯೆ 13ಕ್ಕೆ ಬಂತು. ಒಂದೇ ಒಂದು ಹೊಸ ಪ್ರಯೋಗ ಮಾಡದೆ.

ಆರ್ಕಿಡ್ ಐಡಿ (ಸಂಶೋಧಕರ ಗುರುತಿನ ಸಂಖ್ಯೆ) ಎಲ್ಲರ ಹತ್ತಿರವೂ ಇದೆ, 2012ರಿಂದ ಇರುವ ವ್ಯವಸ್ಥೆ. ಆದರೆ ಅರ್ಧ ಜನರ ಆರ್ಕಿಡ್ ಪುಟ ಖಾಲಿ. ವೈದ್ಯಕೀಯ, ಜೀವವಿಜ್ಞಾನ ಪೇಪರ್‌ಗಳ ತಾಣ ಪಬ್‌ಮೆಡ್‌ನಲ್ಲಿ ಆರ್ಕಿಡ್ ಸಂಖ್ಯೆ ಹಾಕಿ ಹುಡುಕಬಹುದು, ಆದರೆ ಜರ್ನಲ್ ಆ ಸಂಖ್ಯೆಯನ್ನು ಪೇಪರ್ ಜೊತೆ ಕಳಿಸಿದ್ದರೆ ಮಾತ್ರ ಸಿಗುತ್ತದೆ. ಹಾಗಾಗಿ ಸಬ್ಮಿಷನ್ ಸಮಯದಲ್ಲೇ ಎಲ್ಲ ಸಹಲೇಖಕರ ಸಂಖ್ಯೆ ತುಂಬಿಸುತ್ತೇನೆ. ಯಾರಾದರೂ ಕೊಡದಿದ್ದರೆ ಕಾಯುತ್ತೇನೆ.

ಇನ್ನು ಯಾರೂ ನಂಬದೇ ಹೋದ ಭಾಗಕ್ಕೆ ಬರುತ್ತೇನೆ: ಕಳೆದುಹೋದ ಸೈಟೇಶನ್‌ಗಳು. ಸ್ಕೋಪಸ್‌ನಂಥದೇ ಇನ್ನೊಂದು ತಾಣ ವೆಬ್ ಆಫ್ ಸೈನ್ಸ್‌ನಲ್ಲಿ ಸೈಟೆಡ್ ರೆಫರೆನ್ಸ್ ಸರ್ಚ್ ಅಂತ ಇದೆ. ಅದರಲ್ಲಿ ನಿಮ್ಮ ಹೆಸರು, ಜರ್ನಲ್ ಹಾಕಿ ನೋಡಿ. ನಿಮ್ಮದೇ ಪೇಪರ್ ನಾಲ್ಕೈದು ರೂಪದಲ್ಲಿ ಕಾಣುತ್ತದೆ. ಒಂದರಲ್ಲಿ ವರ್ಷ ತಪ್ಪು, ಒಂದರಲ್ಲಿ ಸಂಪುಟ ತಪ್ಪು, ಒಂದರಲ್ಲಿ ಪುಟ ಸಂಖ್ಯೆಯ ಜಾಗದಲ್ಲಿ ಲೇಖನ ಸಂಖ್ಯೆ. ಆ ತಪ್ಪು ರೂಪಗಳಿಗೆ ಬಿದ್ದ ಸೈಟೇಶನ್‌ಗಳು ನಿಮ್ಮ ಲೆಕ್ಕಕ್ಕೆ ಬಂದೇ ಇರುವುದಿಲ್ಲ. ನನ್ನದರಲ್ಲಿ ಜಾಸ್ತಿ ತೊಂದರೆ ಆಗಿದ್ದು ಡಿಸೆಂಬರ್‌ನಲ್ಲಿ ಆನ್‌ಲೈನ್ ಬಂದು ಮುಂದಿನ ವರ್ಷ ಸಂಚಿಕೆಗೆ ಸೇರಿದ ಒಂದು ಪೇಪರ್‌ಗೆ. ಅರ್ಧ ಜನ ಹಳೆ ವರ್ಷ ಹಾಕಿದ್ದರು, ಅರ್ಧ ಜನ ಹೊಸದು. ಪ್ರತಿಯೊಂದಕ್ಕೂ ಉಲ್ಲೇಖಿಸಿದ ಪೇಪರ್ ತೆಗೆದು, ರೆಫರೆನ್ಸ್ ಪಟ್ಟಿಯ ಸಾಲು ತೋರಿಸಿ, ಸರಿಯಾದ ಡಿಓಐ (ಪೇಪರ್‌ನ ಶಾಶ್ವತ ಗುರುತಿನ ಸಂಖ್ಯೆ) ಕೊಟ್ಟು, ತಿದ್ದುಪಡಿ ಕೋರಿಕೆ ಹಾಕಿದೆ. ಮೊದಮೊದಲು ವಾಪಸ್ ಬಂದವು. ಒಂದೇ ಕೋರಿಕೆಯಲ್ಲಿ ಹತ್ತು ಹದಿನೈದು ತುರುಕಿದ್ದೇ ಕಾರಣ ಅಂತ ನನಗನ್ನಿಸಿತು. ಒಂದು ಪೇಪರ್‌ಗೆ ಒಂದು ಕೋರಿಕೆ ಅಂತ ಬಿಡಿಸಿ ಹಾಕಿದ ಮೇಲೆ ಸರಾಗವಾಗಿ ಆಯಿತು. ಸುಮಾರು 40 ಸೈಟೇಶನ್ ವಾಪಸ್ ಬಂದವು. ಕೋರಿಕೆ ಬರೆಯುವ ರೀತಿಯಲ್ಲಿ ಇನ್ನೊಂದು ಉಪಾಯ ಇದೆ, ಅದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ. ನಮ್ಮ ಹುಡುಗರಿಗೆ ಕಲಿಸಿದ್ದೇನೆ, ಸಾಕು.

ಪ್ರಿಪ್ರಿಂಟ್ (ರಿವ್ಯೂಗೆ ಮೊದಲೇ ಆನ್‌ಲೈನ್ ಇಡುವ ಪ್ರತಿ) ಹಾಕುವವರಿಗೂ ಇದೇ ತಲೆನೋವು. ಬಯೋಆರ್ಕೈವ್‌ನಲ್ಲಿ ಹಾಕಿದ ಶೀರ್ಷಿಕೆಯನ್ನು ರಿವ್ಯೂ ಆದಮೇಲೆ ಬದಲಿಸಿದರೆ, ಪ್ರಕಟವಾದ ಪೇಪರ್‌ಗೆ ಕೊಂಡಿ ತಾನಾಗಿ ಬೀಳದೇ ಹೋಗಬಹುದು. ನಮ್ಮ ಒಂದು ಪೇಪರ್‌ಗೆ ಹಾಗೇ ಆಯಿತು, ಜನ ತಿಂಗಳುಗಟ್ಟಲೆ ಪ್ರಿಪ್ರಿಂಟನ್ನೇ ಉಲ್ಲೇಖಿಸಿದರು. ಬರೆದು ಹಾಕಿದರೆ ಸರಿ ಮಾಡಿಕೊಡುತ್ತಾರೆ. ಗೂಗಲ್ ಸ್ಕಾಲರ್‌ನಲ್ಲಿ ನಾವೇ ಎರಡನ್ನೂ ಆಯ್ದು ಒಂದು ಮಾಡಬಹುದು.

ದುಡ್ಡಿನ ವಿಷಯ. ನಮ್ಮ ಪ್ರಾಜೆಕ್ಟ್ ಹಣದಲ್ಲಿ ಹಿಂದೊಮ್ಮೆ ಎರಡು ಸಾವಿರ ಡಾಲರ್ ಹತ್ತಿರ ಕಟ್ಟಿ ಒಂದು ಪೇಪರನ್ನು ಓಪನ್ ಆಕ್ಸೆಸ್ (ಎಲ್ಲರೂ ಉಚಿತವಾಗಿ ಓದುವಂತೆ) ಮಾಡಿಸಿದ್ದೆವು. ಎರಡು ವರ್ಷದಲ್ಲಿ ಅದಕ್ಕೆ ಬಂದ ಸೈಟೇಶನ್ ಒಂದಂಕಿ. ಅಷ್ಟು ಹಣಕ್ಕೆ ಎಷ್ಟು ಪ್ಲೇಟ್, ಎಷ್ಟು ಮೀಡಿಯಾ ಬರುತ್ತಿತ್ತು, ಯೋಚಿಸಿ. ಅದೇ ಹೊತ್ತಿಗೆ ಓದುವವರು ಹಣ ಕೊಡುವ ಚಂದಾ ಜರ್ನಲ್ ಒಂದರಲ್ಲಿ ಏನೂ ಕಟ್ಟದೆ ಬಂದ ಇನ್ನೊಂದು ಪೇಪರ್‌ನ ಸ್ವೀಕೃತ ಹಸ್ತಪ್ರತಿಯನ್ನು ನಮ್ಮ ಸಂಸ್ಥೆಯ ರೆಪಾಸಿಟರಿಗೆ (ಆನ್‌ಲೈನ್ ಸಂಗ್ರಹಕ್ಕೆ) ಹಾಕಿದೆ. ಅದು ನಾಲ್ಕು ಪಟ್ಟು ಜಾಸ್ತಿ ಓಡಿತು. ಅಲ್ಲಿಂದ ಹಳೆಯ ಪೇಪರ್‌ಗಳೆಲ್ಲದರ ಸ್ವೀಕೃತ ಪ್ರತಿ ಹುಡುಕತೊಡಗಿದೆ. ಪ್ರಕಾಶಕರ ಪಿಡಿಎಫ್ ಹಾಕುವಂತಿಲ್ಲ, ರಿವ್ಯೂ ಮುಗಿದು ಒಪ್ಪಿಗೆಯಾದ ನಮ್ಮ ವರ್ಡ್ ಫೈಲ್ ಬೇಕು. ಯಾವ ಜರ್ನಲ್ ಎಷ್ಟು ತಿಂಗಳು ಕಾಯಿಸುತ್ತದೆ ಅಂತ ಜರ್ನಲ್‌ಗಳ ನಿಯಮ ತೋರಿಸುವ ಶೆರ್ಪಾ ರೋಮಿಯೋದಲ್ಲಿ ನೋಡಿದೆ, ಕೆಲವಕ್ಕೆ 6, ಕೆಲವಕ್ಕೆ 12. ಫೈಲ್ ಸಿಕ್ಕಿದ್ದು ಮೂರರಲ್ಲಿ ಎರಡು ಪಾಲಿಗೆ ಮಾತ್ರ. ಉಳಿದದ್ದು ಬಿಟ್ಟುಹೋದ ವಿದ್ಯಾರ್ಥಿಗಳ ಹಳೆ ಲ್ಯಾಪ್‌ಟಾಪ್‌ಗಳ ಜೊತೆ ಹೋಯಿತು. ಈಗ ಒಪ್ಪಿಗೆಯ ಮೇಲ್ ಬಂದ ದಿನವೇ ಫೈಲ್ ಎತ್ತಿಡುವುದು ನಮ್ಮ ಲ್ಯಾಬ್‌ನ ನಿಯಮ.

ದುಡ್ಡು ಕಟ್ಟಿದ ಆ ಪೇಪರ್ ಏಕೆ ಸೋತಿತು ಅಂತ ಕೂತು ನೋಡಿದೆ. ಶೀರ್ಷಿಕೆಯಲ್ಲಿ ಬ್ಯಾಕ್ಟೀರಿಯಾದ ಹೆಸರೇ ಇಲ್ಲ. ಸಂಪಾದಕರು ಶೀರ್ಷಿಕೆ ಚಿಕ್ಕದಾಗಲಿ ಅಂತ ಕೇಳಿದ್ದರು. ಅಬ್‌ಸ್ಟ್ರಾಕ್ಟ್‌ನಲ್ಲಿ ಬಯೋಫಿಲ್ಮ್ ಅನ್ನುವ ಪದ ಕೊನೆಯ ಸಾಲಿನಲ್ಲಿ ಒಮ್ಮೆ. ಈಗ ಪಬ್‌ಮೆಡ್‌ನಲ್ಲಿ ಮೆಶ್ ಪದಗಳನ್ನು (ವಿಷಯ ಸೂಚಿಸುವ ನಿಗದಿತ ಪದಗಳನ್ನು) ಹಚ್ಚುವ ಕೆಲಸ 2022ರಿಂದ ಸಾಫ್ಟ್‌ವೇರ್‌ದು. ಅದು ಓದುವುದು ಶೀರ್ಷಿಕೆ ಮತ್ತು ಅಬ್‌ಸ್ಟ್ರಾಕ್ಟನ್ನು. ಅಲ್ಲಿ ಇಲ್ಲದ್ದು ಅದಕ್ಕೆ ಗೊತ್ತಾಗುವುದು ಹೇಗೆ? ಅಂದಿನಿಂದ ಜೀವಿ, ರೋಗ, ವಿಧಾನ, ಈ ಮೂರು ಇಲ್ಲದೆ ನಮ್ಮ ಶೀರ್ಷಿಕೆ ಹೊರಗೆ ಹೋಗುವುದಿಲ್ಲ. ಸಂಪಾದಕರ ಜೊತೆ ಇದಕ್ಕಾಗಿ ವಾದ ಮಾಡಿದ್ದೂ ಇದೆ, ಗೆದ್ದದ್ದೂ ಇದೆ.

ನಿಜವಾದ ಏರಿಕೆ ಕೊಟ್ಟಿದ್ದು ವಿಧಾನದ ಪೇಪರ್. ಕ್ರಿಸ್ಟಲ್ ವೈಲೆಟ್ ಬಣ್ಣ ಹಾಕಿ ಬಯೋಫಿಲ್ಮ್ ಅಳೆಯುವುದು ಎಲ್ಲರಿಗೂ ಗೊತ್ತು, ಆದರೆ ಒಬ್ಬರ ರೀಡಿಂಗ್ ಇನ್ನೊಬ್ಬರಿಗೆ ಹೊಂದುವುದಿಲ್ಲ. ಅಂಚಿನ ವೆಲ್‌ಗಳು ಬೇಗ ಒಣಗುತ್ತವೆ, ತೊಳೆಯುವಾಗ ಪೈಪೆಟ್‌ನ ಧಾರೆಗೇ ಪದರ ಕಿತ್ತು ಬರುತ್ತದೆ, ಬಣ್ಣ ಕರಗಿಸಲು ಒಬ್ಬರು ಎಥನಾಲ್ ಬಳಸಿದರೆ ಇನ್ನೊಬ್ಬರು 30% ಅಸಿಟಿಕ್ ಆಸಿಡ್. ಈ ಪ್ರಶ್ನೆಗಳನ್ನೇ ಕೇಳಿ ನನಗೆ ಮೇಲ್ ಬರುತ್ತಿದ್ದವು. ಉತ್ತರ ಬರೆದು ಬರೆದು ಸಾಕಾಗಿ, ಅಷ್ಟನ್ನೂ ಸೇರಿಸಿ ಪ್ರಯೋಗ ವಿಧಾನಗಳನ್ನು ಹಂಚುವ ಪ್ರೋಟೋಕಾಲ್ಸ್ ಡಾಟ್ ಐಓದಲ್ಲಿ ಡಿಓಐ ಸಮೇತ ಹಾಕಿದೆ. ಆಮೇಲೆ ಅದನ್ನೇ ಬೆಳೆಸಿ, ಅಂಚಿನ ವೆಲ್‌ಗೆ ನೀರು ತುಂಬಿದ್ದರ ಮತ್ತು ತುಂಬದ್ದರ ಹೋಲಿಕೆ ಸೇರಿಸಿ, ಪಬ್‌ಮೆಡ್‌ನಲ್ಲಿ ಬರುವ ವಿಧಾನಗಳ ಜರ್ನಲ್‌ಗೆ ಕಳಿಸಿದೆ. ಚಂದಾ ದಾರಿ, ಶುಲ್ಕ ಇಲ್ಲ. ಎರಡು ಕಡೆ ತಿರಸ್ಕಾರ ಆಯಿತು, "ಹೊಸತೇನೂ ಇಲ್ಲ" ಅಂದರು. ನಮ್ಮ ವಿಭಾಗದ ಹಿರಿಯರೂ "ಇದೂ ಒಂದು ಪೇಪರಾ?" ಅಂದಿದ್ದರು. ಈಗ ನನ್ನ ಪಟ್ಟಿಯಲ್ಲಿ ಅದೇ ಮೊದಲನೆಯದು, 200 ದಾಟಿದೆ. ಜೀವವಿಜ್ಞಾನದಲ್ಲಿ ಅತಿ ಹೆಚ್ಚು ಸೈಟೇಶನ್ ಇರುವುದೇ ಪ್ರೋಟೀನ್ ಅಳೆಯುವ ಲೌರಿಯವರ 1951ರ ಪೇಪರ್‌ಗೆ, 3 ಲಕ್ಷಕ್ಕೂ ಹೆಚ್ಚು. ಅದೂ ವಿಧಾನದ ಪೇಪರ್ರೇ ಅಲ್ವಾ?

ಡೇಟಾ ಮತ್ತು ಅದರ ಲೆಕ್ಕ ಮಾಡುವ ಆರ್ ಭಾಷೆಯ ಸ್ಕ್ರಿಪ್ಟನ್ನು ಝೆನೋಡೋ ಅನ್ನುವ ಸಂಗ್ರಹ ತಾಣದಲ್ಲಿ ಉಚಿತವಾಗಿ ಇಟ್ಟೆ. ಇಲ್ಲೊಂದು ಎಚ್ಚರಿಕೆ. ಡೇಟಾದ ಡಿಓಐಗೆ ಬಿದ್ದ ಸೈಟೇಶನ್ ಸ್ಕೋಪಸ್‌ನಲ್ಲಿ ನಿಮ್ಮ ಪೇಪರ್ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ರೀಡ್‌ಮಿ ಫೈಲ್‌ನ ಮೊದಲ ಸಾಲಲ್ಲೇ ಪೇಪರ್‌ನ ಪೂರ್ತಿ ವಿವರ ಕೊಟ್ಟು ಇದನ್ನು ಉಲ್ಲೇಖಿಸಿ ಅಂತ ಬರೆದಿದ್ದೇನೆ. ಜನ ಅದನ್ನೇ ಕಾಪಿ ಮಾಡುತ್ತಾರೆ.

ನಡುವೆ ಇನ್ನೂ ಒಂದೆರಡು ಪ್ರಯೋಗ ಮಾಡಿದೆ. ಒಂದು ವರ್ಷ ಪ್ರತಿ ಪೇಪರನ್ನೂ ಸೋಶಿಯಲ್ ಮೀಡಿಯಾದಲ್ಲಿ ಚಿತ್ರ ಸಮೇತ ಹಾಕಿದೆವು. ಪೇಪರ್ ಬಗ್ಗೆ ಆನ್‌ಲೈನ್ ಮಾತು ಎಣಿಸುವ ಆಲ್ಟ್‌ಮೆಟ್ರಿಕ್‌ನ ಬಣ್ಣದ ಉಂಗುರದ ಅಂಕ ಏರಿತು, ಸೈಟೇಶನ್ ಕದಲಲಿಲ್ಲ. ನಿಲ್ಲಿಸಿದೆ. ಅದರ ಬದಲು ಪ್ಲೇಟ್ ವಿಧಾನ ಬಳಸುವ ಲ್ಯಾಬ್‌ಗಳಿಗೆ ಪ್ರೋಟೋಕಾಲ್ ಕೊಂಡಿಯನ್ನು ಒಂದೊಂದೇ ಮೇಲ್ ಮಾಡಿದೆ, ಅದು ಫಲ ಕೊಟ್ಟಿತು. ಯಾವ ಲ್ಯಾಬ್‌ಗೆ, ಯಾವಾಗ ಅಂತ ಹೇಗೆ ಆರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಐಸೈಟ್ ತಾಣದಲ್ಲಿ ಎಲ್ಲ ಪೇಪರ್‌ಗಳ ಆರ್‌ಸಿಆರ್ (ಅದೇ ಕ್ಷೇತ್ರದ ಪೇಪರ್‌ಗಳಿಗೆ ಹೋಲಿಸಿದ ಸೈಟೇಶನ್ ಅನುಪಾತ) ತೆಗೆದು ನೋಡಿದ್ದು ಕುತೂಹಲಕ್ಕೆ. ಅದರಲ್ಲಿ 1.0 ಅಂದರೆ ಎನ್‌ಐಎಚ್ ಹಣದಲ್ಲಿ ಆದ ಪೇಪರ್‌ಗಳ ಮಧ್ಯಾಂಕ. ನಾನು ಹೆಮ್ಮೆ ಪಡುತ್ತಿದ್ದ ಒಂದು ಹಳೆಯ ಪೇಪರ್ 0.8ರ ಹತ್ತಿರ ನಿಂತಿತ್ತು, ವಿಧಾನದ ಪೇಪರ್ 3ರ ಮೇಲೆ. ಬಡ್ತಿ ಅರ್ಜಿಯಲ್ಲಿ ಜರ್ನಲ್‌ನ ಸರಾಸರಿ ಸೈಟೇಶನ್ ತೋರಿಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಬದಲು ಇದನ್ನೇ ಬರೆದೆ. ಸಮಿತಿಯವರು ಪ್ರಶ್ನೆ ಕೇಳಿದರು, ಉತ್ತರ ಹೇಳಿದೆ, ಒಪ್ಪಿದರು.

"ನೀನು ನನ್ನದು ಹಾಕು, ನಾನು ನಿನ್ನದು ಹಾಕ್ತೀನಿ" ಅನ್ನುವ ಕೂಟದಿಂದ ನನಗೂ ಕರೆ ಬಂದಿತ್ತು. ದುಡ್ಡು ತಗೊಂಡು ಸೈಟೇಶನ್ ಕೊಡಿಸುತ್ತೇವೆ ಅನ್ನುವ ಮೇಲ್‌ಗಳೂ ಬರುತ್ತವೆ. ಉತ್ತರ ಕೊಡಲಿಲ್ಲ. ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಕಂಪನಿ 2023ರಲ್ಲಿ ಅತಿ ಹೆಚ್ಚು ಉಲ್ಲೇಖಿತರ ಪಟ್ಟಿಯಿಂದ ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಹೊರಗಿಟ್ಟಿತು. ಲೆಕ್ಕ ಹಿಡಿಯುವವರ ಹತ್ತಿರ ಈಗ ಒಳ್ಳೆಯ ಸಾಧನಗಳಿವೆ. ಅದಕ್ಕಿಂತ ಮುಖ್ಯವಾಗಿ, ನನ್ನ ವಿಧಾನ ಬಳಸದವರು ನನ್ನನ್ನು ಉಲ್ಲೇಖಿಸಿದರೆ ನನಗೆ ಖುಷಿಯಿಲ್ಲ.

ಈಗ ಸಹಲೇಖಕರ ಪ್ರೊಫೈಲ್‌ಗಳಿಗೆ ಕೈ ಹಾಕಿದ್ದೇನೆ. ಇಬ್ಬರದು ಮುಗಿದಿದೆ, ಒಬ್ಬರ ಎಚ್-ಇಂಡೆಕ್ಸ್ 2 ಏರಿತು. ಮೂರನೆಯವರು ಮದುವೆಯ ನಂತರ ಹೆಸರು ಬದಲಿಸಿದ್ದರು, ಹಳೆಯ ಹೆಸರಿನ ಏಳೆಂಟು ಪೇಪರ್ ಇನ್ನೂ ಬೇರೆಯೇ ಉಳಿದಿವೆ. ಅವುಗಳ ಕೋರಿಕೆ ಹೋದ ವಾರ ಹಾಕಿದ್ದೇನೆ, ಆಯಿತೋ ಇಲ್ಲವೋ ಮುಂದೆ ತಿಳಿಸುತ್ತೇನೆ.