ಏಡನ್ 1967: ಕೊನೆಯ ಹೆಲಿಕಾಪ್ಟರಿನಿಂದ ಹಿಂದಕ್ಕೆ ಎಣಿಸಿದ ಲೆಕ್ಕ

1967ರಲ್ಲಿ ಬ್ರಿಟಿಷ್ ಸೇನೆ ಈಗಿನ ಯೆಮನ್‌ನ ಬಂದರು ಏಡನ್ ಬಿಟ್ಟು ಹೊರಟದ್ದನ್ನು ನಮ್ಮ ಬಳಗ ನಕ್ಷೆ, ಬಿಲ್ಲೆ, ದಾಳ ಇಟ್ಟು ಆಟವಾಗಿ ಆಡುತ್ತದೆ. ನಾಲ್ಕು ಸಲ ಕೆಟ್ಟ ಮೇಲೆ ಐದನೇ ಸಲ ಏಡನ್ ಖಾಲಿಯಾಯಿತು, ನಕ್ಷೆಯ ಮೇಲೆ. ಕೊನೆಯಿಂದ ಹಿಂದಕ್ಕೆ ಎಣಿಸೋಣ ಅಂದಾಗ ಬಳಗದವರು ನಕ್ಕಿದ್ದರು. ಈಗ ಅದೇ ಲೆಕ್ಕದ ಹಾಳೆಯ ಜೆರಾಕ್ಸ್ ಕೇಳುತ್ತಿದ್ದಾರೆ.

ಮೊದಲ ಮೂರು ಸೋಲೂ ಒಂದೇ ತಪ್ಪಿಗೆ. ಎಲ್ಲರೂ ಮೊದಲು ಕಾದಾಡುವ ಪಡೆಯನ್ನೇ ಕಳಿಸುತ್ತಿದ್ದರು. ಖೋರ್ಮಕ್ಸರ್ ವಿಮಾನ ನಿಲ್ದಾಣ ಇರುವುದು ಕಿರಿದಾದ ಮರಳುಪಟ್ಟಿಯ ಮೇಲೆ; ಒಂದು ಕಡೆ ಕ್ರೇಟರ್ ಎಂಬ ಹಳೆಯ ಪೇಟೆ, ಇನ್ನೊಂದು ಕಡೆ, ಉತ್ತರಕ್ಕೆ, ಶೇಖ್ ಉಸ್ಮಾನ್ ಬಡಾವಣೆ. ಉತ್ತರದ ಕಾವಲು ಸಾಲು ತೆಳುವಾದರೆ ಬಂಡುಕೋರರ ಮಾರ್ಟರಿಗೆ (ಗುಂಡನ್ನು ಮೇಲಕ್ಕೆ ಹಾರಿಸುವ ಸಣ್ಣ ತೋಪು) ರನ್‌ವೇ ಸಿಕ್ಕಿತು, ಆಟ ಮುಗಿಯಿತು. ನಾಲ್ಕನೆಯ ಸಲ ಬಂದರಿನ ಕೂಲಿ ಮುಷ್ಕರದ ದಾಳ ಬಿದ್ದು ಪೆಟ್ಟಿಗೆಗಳೆಲ್ಲ ದಕ್ಕೆಯಲ್ಲೇ ಉಳಿದವು. ಆಮೇಲೆ ಹೇರುವ ಕೆಲಸಕ್ಕೆ ಸ್ಥಳೀಯರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಹೊಸ ಲೆಕ್ಕ ಹೀಗೆ: ಕೊನೆಯ ದಿನ ಉಳಿಯುವ ಜನ ಒಂದೇ ದಿನದಲ್ಲಿ ಎತ್ತುವಷ್ಟಿರಬೇಕು; ಅಷ್ಟೇ ಜನಕ್ಕೆ ಸಾಲು ಕಾಯಲೂ ಆಗಬೇಕು. ಆಗದಿದ್ದರೆ ಸಾಲನ್ನು ಗಿಡ್ಡ ಮಾಡಿ, ಜನರನ್ನು ಹೆಚ್ಚಿಸಬೇಡಿ. ಹರ್ಕ್ಯುಲಸ್ ಸಾಗಣೆ ವಿಮಾನಕ್ಕೆ ಸುಮಾರು 90 ಜನ, ವೆಸೆಕ್ಸ್ ಹೆಲಿಕಾಪ್ಟರಿಗೆ ಪುಸ್ತಕದಲ್ಲಿ 16. ಆ ಬಿಸಿಲಿಗೆ ಎತ್ತುವ ಶಕ್ತಿ ಕುಗ್ಗುವುದರಿಂದ ನಾನು 10ಕ್ಕೇ ನಿಲ್ಲಿಸಿದೆ. ಖೋರ್ಮಕ್ಸರಿನ ಇಂಧನ ಬೇಗ ಮುಗಿಸಿದರೆ ಬಹರೇನಿನ ಮುಹರ‍್ರಕ್‌ನಿಂದ ಬರುವ ವಿಮಾನ ವಾಪಸಿನ ಎಣ್ಣೆಯನ್ನೂ ಹೊತ್ತು ತರಬೇಕು. ಮೂರನೇ ಸಲ ಮೊದಲಿನ ತಪ್ಪಿನ ಜೊತೆಗೆ ಇದೂ ಸೇರಿ ಮುಳುಗಿಸಿತು.

ತಾರೀಖು ಬರೆಯಲೇಬೇಡಿ. ಜೂನ್‌ನಲ್ಲಿ ಬ್ರಿಟಿಷರು ಏಡನ್ ಬಿಡುವ ದಿನ 1968ರ ಜನವರಿ 9 ಎಂದು ಸಾರಿದ್ದನ್ನು ನವೆಂಬರ್ ಕೊನೆಗೆ ಎಳೆದರು. ಆರು ವಾರ ಹೋಯಿತು. ನನ್ನ ಹಾಳೆಯಲ್ಲಿ ಕೊನೆಯ ದಿನ ಸೊನ್ನೆ, ಉಳಿದದ್ದೆಲ್ಲ ಅದರ ಹಿಂದಿನ ಎಣಿಕೆ. ಸೈನಿಕರ ಸಂಸಾರಗಳು ಮೊದಲು, ಆಮೇಲೆ ಒಳನಾಡಿನ ಠಾಣೆಗಳು, ಆಮೇಲೆ ನಿಜದಲ್ಲಿ ಸೆಪ್ಟೆಂಬರಿನಲ್ಲಿ ಬಿಟ್ಟ ಜಾಗಗಳು: ಕೊಲ್ಲಿಯಾಚೆಯ ಲಿಟಲ್ ಏಡನ್, ಶೇಖ್ ಉಸ್ಮಾನ್. ಭಾರದ ಸಾಮಾನು ಮಾತ್ರ ತುಂಬ ಮುಂಚೆ ಹೊರಡಬೇಕು: ಆ ಜೂನ್‌ನಿಂದ ಸೂಯೆಜ್ ಕಾಲುವೆ ಮುಚ್ಚಿದ್ದರಿಂದ ಹಡಗು ಆಫ್ರಿಕಾದ ತುದಿ ಸುತ್ತಿಯೇ ಹೋಗಬೇಕು. ಅಡುಗೆಯವರು, ಮೆಕ್ಯಾನಿಕ್‌ಗಳು, ಸಿಗ್ನಲ್‌ನವರನ್ನು ಬೇಗ ಕಳಿಸಿದವರು ಹತ್ತನೇ ದಿನಕ್ಕೆ ಕೈ ಹೊಸಕುತ್ತಾರೆ. ಕೊನೆಯ ವಾರಕ್ಕೆ ಡಬ್ಬಿ ಊಟವೇ ಗತಿ.

ಹಳೆಯ ಲಾರಿಗೆ ಸಾಗಣೆ ಖರ್ಚು ಅದರ ಬೆಲೆ ಮೀರುತ್ತದೆ, ಬಿಟ್ಟುಬಿಡಿ. ನಮ್ಮ ಖರ್ಚೂ ಹೇಳಿಬಿಡುತ್ತೇನೆ: ಫ್ಲೆಕ್ಸ್ ನಕ್ಷೆಗೆ ಸುಮಾರು 400 ರೂಪಾಯಿ, ಮರದ ಬಿಲ್ಲೆಗಳಿಗೆ ಆರೇಳುನೂರು. ಮೊದಲು ಕ್ಯಾರಂ ಪಾನ್ ಇಟ್ಟು ನೋಡಿದ್ದೆ, ಫ್ಯಾನ್ ಹಾಕಿದರೂ ಜಾರುತ್ತಿರಲಿಲ್ಲ, ಆದರೆ ಕಪ್ಪು ಯಾವ ರೆಜಿಮೆಂಟು, ಬಿಳಿ ಯಾವುದು ಎಂಬುದೇ ಜಗಳ.

ಬರೀ ಹಡಗಿನಲ್ಲಿ ಎಲ್ಲರನ್ನೂ ಸಾಗಿಸುವ ಆಟವನ್ನೂ ಒಂದು ಭಾನುವಾರ ಆಡಿದೆವು. ದಕ್ಕೆ ಕಾಯಲು ಬೇಕಾದ ಜನವೇ ಹಡಗಿಗಿಂತ ಹೆಚ್ಚಾಯಿತು. ನಿಜದಲ್ಲಿ ನವೆಂಬರ್ 29ರಂದು ಕೊನೆಯ ಮರೀನ್‌ಗಳು (ನೌಕಾಪಡೆಯ ಸೈನಿಕರು) ಹೆಲಿಕಾಪ್ಟರಿನಲ್ಲಿ ಆಲ್ಬಿಯನ್ ಹಡಗಿಗೆ ಹಾರಿದರು. ನಮ್ಮಲ್ಲಿ ಕೊನೆಯ ಹಾರಾಟಕ್ಕೆ ಎರಡು ಹೆಲಿಕಾಪ್ಟರ್ ಮಿಕ್ಕವು. ಅವು ಎಲ್ಲಿಂದ ಬಂದವು ಎಂಬುದನ್ನು ಮುಂದಿನ ಆಟದ ತನಕ ಹೇಳುವುದಿಲ್ಲ.