ಕಥೆ ಎಲ್ಲರಿಗೂ ಗೊತ್ತು, ನೀವು ಪದ ಹಿಡಿಯಿರಿ

ಒಂದು ಕಥೆ ಕೊಟ್ಟು ವಿಮರ್ಶೆ ಬರೆಯಿರಿ ಎಂದರೆ ಹೆಚ್ಚಿನ ವಿದ್ಯಾರ್ಥಿಗಳು ಅದೇ ಕಥೆಯನ್ನು ಇನ್ನೊಮ್ಮೆ ಹೇಳುತ್ತಾರೆ. ಕೊನೆಗೆ ‘ತುಂಬಾ ಮನಮುಟ್ಟುವಂತಿದೆ’ ಅಂತ ಒಂದು ಸಾಲು ಸೇರಿಸಿ ಪೆನ್ನು ಮುಚ್ಚುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಉತ್ತರ ಓದುವವರಿಗೆ ಕಥೆ ಮೊದಲೇ ಗೊತ್ತಿರುತ್ತದೆ, ಅಲ್ವಾ?

ಮೊದಲು ಎರಡು ಸಲ ಓದಿ. ಮೊದಲ ಸಲ ಸುಮ್ನೆ ಓದಿ, ಪೆನ್ಸಿಲ್ ಮುಟ್ಟಬೇಡಿ. ಎರಡನೇ ಸಲ ಎಲ್ಲಿ ಕಣ್ಣು ನಿಂತಿತೋ ಅಲ್ಲಿ ಮಾತ್ರ ಗೆರೆ ಹಾಕಿ. ಪುಟದ ತುಂಬ ಗೆರೆ ಎಳೆದರೂ ಒಂದೇ, ಎಳೆಯದಿದ್ದರೂ ಒಂದೇ.

ಬರೆದವರ ಹೆಸರನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಪಾಠ ಮಾಡುತ್ತಿದ್ದ ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್, ಕವಿಯ ಹೆಸರು ಮುಚ್ಚಿಟ್ಟು ವಿದ್ಯಾರ್ಥಿಗಳಿಗೆ ಕವಿತೆಗಳನ್ನು ಹಂಚಿ, ಅನಿಸಿದ್ದನ್ನು ಬರೆಯಿರಿ ಎಂದರು. ದೊಡ್ಡ ಕವಿಗಳ ಪದ್ಯಗಳನ್ನೇ ಹಲವರು ಬೈದು ಬರೆದರು, ಸಾಧಾರಣ ಪದ್ಯಗಳನ್ನು ಹೊಗಳಿದರು. ನಗಬೇಡಿ. ಹೆಸರಿನ ಆಸರೆ ತೆಗೆದರೆ ನಮ್ಮ ಪಾಡೂ ಅಷ್ಟೇ.

ಈಗ ನಿಜವಾದ ಕೆಲಸ. ಈ ಲೇಖನಕ್ಕೆಂದೇ ಹೊಸೆದ ಎರಡು ಸಾಲು ನೋಡಿ: ‘ಅಮ್ಮ ಎರಡು ತಟ್ಟೆ ಇಟ್ಟಳು. ಆಮೇಲೆ ಒಂದನ್ನು ಎತ್ತಿಟ್ಟಳು.’

ಹೊಸ ವಿದ್ಯಾರ್ಥಿ ಹೀಗೆ ಬರೆಯಬಹುದು: ‘ಇಲ್ಲಿ ತಾಯಿಯ ದುಃಖ ಅದ್ಭುತವಾಗಿ ಮೂಡಿಬಂದಿದೆ.’ ತಪ್ಪೇನಿಲ್ಲ. ಆದರೆ ದುಃಖ ಎಂಬ ಪದ ಆ ಸಾಲುಗಳಲ್ಲಿ ಎಲ್ಲಿದೆ? ಇಲ್ಲದ ದುಃಖ ನಮಗೆ ಹೇಗೆ ಗೊತ್ತಾಯಿತು? ವಿಶ್ಲೇಷಣೆ ಶುರುವಾಗುವುದೇ ಈ ಪ್ರಶ್ನೆಯಿಂದ.

ಇದಕ್ಕೊಂದು ಸುಲಭ ಉಪಾಯವಿದೆ: ಒಂದು ಪದ ಬದಲಿಸಿ ನೋಡುವುದು. ‘ಎತ್ತಿಟ್ಟಳು’ ಬದಲು ‘ತೆಗೆದಳು’ ಎಂದು ಹಾಕಿ. ಘಟನೆ ಅದೇ, ಆದರೆ ಏನೋ ಕಳೆದುಹೋಯಿತು. ತೆಗೆದರೆ ಅಲ್ಲಿಗೆ ಮುಗಿಯಿತು. ಎತ್ತಿಡುವುದು ಮುಂದೆ ಬೇಕಾಗುವ ವಸ್ತುವನ್ನು. ಅಂದರೆ ಬಾರದ ಆ ಇನ್ನೊಬ್ಬರು ಬಂದಾರು ಎಂಬ ಆಸೆ ಅವಳಲ್ಲಿ ಇನ್ನೂ ಇದೆ. ‘ಆಮೇಲೆ’ ಕೂಡ ಸಣ್ಣ ಪದವಲ್ಲ. ಎಷ್ಟು ಹೊತ್ತಿನ ಮೇಲೆ? ಹೇಳಿಲ್ಲ. ಕಾದದ್ದೆಲ್ಲ ಆ ಒಂದು ಪದದೊಳಗೇ ಇದೆ. ನೇರವಾಗಿ ಹೇಳದೆ ಹೊಳೆಯುವ ಇಂಥ ಅರ್ಥವನ್ನೇ 9ನೇ ಶತಮಾನದ ಕಾಶ್ಮೀರದ ಸಂಸ್ಕೃತ ಕಾವ್ಯಚಿಂತಕ ಆನಂದವರ್ಧನ ‘ಧ್ವನಿ’ ಎಂದು ಕರೆದದ್ದು.

ಇಷ್ಟಾದ ಮೇಲೆ ಬರೆಯಿರಿ. ನಿಮ್ಮ ಮಾತು ಒಂದು ಸಾಲು, ಅದಕ್ಕೆ ಆಧಾರವಾದ ಪದ, ಆ ಪದ ಹೇಗೆ ಆಧಾರವಾಯಿತು ಎಂಬ ವಿವರಣೆ. ಮೂರನೆಯದನ್ನೇ ಎಲ್ಲರೂ ಬಿಡುವುದು. ಮೂಲದ ಸಾಲನ್ನು ಉದ್ಧರಿಸಿ ಅಲ್ಲೇ ಕೈಬಿಟ್ಟರೆ ಅದು ತಾನಾಗಿ ಮಾತಾಡುವುದಿಲ್ಲ. ಉದ್ಧರಿಸಿದ್ದಕ್ಕಿಂತ ವಿವರಣೆ ಜಾಸ್ತಿ ಇರಲಿ.

ರೂಪಕ, ಪ್ರತಿಮೆ, ವ್ಯಂಗ್ಯ ಮುಂತಾದ ಪಾರಿಭಾಷಿಕ ಪದಗಳು ಗೊತ್ತಿದ್ದರೆ ಒಳ್ಳೆಯದು. ಆದರೆ ‘ಇಲ್ಲಿ ರೂಪಕವಿದೆ’ ಎಂದಷ್ಟೇ ಬರೆದರೆ ಅದು ಬರೀ ಹೆಸರಿನ ಚೀಟಿ ಅಂಟಿಸಿದ ಹಾಗೆ. ಇದ್ದು ಏನು ಮಾಡುತ್ತಿದೆ, ಅದನ್ನು ಹೇಳಿ.

ತಿದ್ದುವುದು ಮರುದಿನದ ಕೆಲಸ. ಗಟ್ಟಿಯಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ. ‘ಅದ್ಭುತ’, ‘ಅಮೋಘ’ ಸಿಕ್ಕಿದಲ್ಲೆಲ್ಲ ಹೊಡೆದುಹಾಕಿ, ಆ ಜಾಗದಲ್ಲಿ ಕಾರಣ ಬರೆಯಿರಿ. ಕಾರಣ ಸಿಗದಿದ್ದರೆ ಮತ್ತೆ ಪಠ್ಯಕ್ಕೆ ಹೋಗಿ.

ಹಳೆಯ ಕರಡುಗಳನ್ನು ಮಾತ್ರ ಬಿಸಾಡಬೇಡಿ. ತಾರೀಖು ಹಾಕಿ ಇಟ್ಟುಕೊಳ್ಳಿ. ಆರು ತಿಂಗಳ ನಂತರ ತೆಗೆದರೆ ಅಂಕಪಟ್ಟಿ ತೋರಿಸದ್ದು ಅಲ್ಲಿ ಕಾಣುತ್ತದೆ. ನನ್ನ ಹಳೆಯ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ‘ಮನಮುಟ್ಟುವ’ ನಾಲ್ಕು ಸಲ ಇದೆ. ಅಷ್ಟು ಮನಮುಟ್ಟಿದ ಕಥೆ ಯಾವುದೆಂದು ಮಾತ್ರ ಎಷ್ಟು ಓದಿದರೂ ಗೊತ್ತಾಗುವುದಿಲ್ಲ.