ಅವರೆಬೇಳೆ ಪಫ್ಸ್: ಪದರ ಬಿಡಬೇಕಂದ್ರೆ ಹೀಗೆ ಮಾಡಿ

ಕ್ರಿಸ್‌ಮಸ್ ರಜಕ್ಕೆ ನೆಂಟರು ಬಂದಾಗ ಖಾರದ ತಿಂಡಿ ಏನು ಮಾಡೋದು ಅಂತ ಯೋಚಿಸುತ್ತಿದ್ದೀರಾ? ಕೋಲಾರದಲ್ಲಿ ಡಿಸೆಂಬರ್ ಅಂದ್ರೆ ಅವರೆಕಾಯಿ ಕಾಲ ಅಲ್ವಾ, ನಾನು ಹಿತಕಿದ ಬೇಳೆಯನ್ನೇ ಪಫ್ಸ್‌ಗೆ ತುಂಬುತ್ತೇನೆ.

ಬೇಳೆ ಬೇಯಿಸಿ ನೀರು ಬಸಿದು, ಈರುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪಿನ ಜೊತೆ ಹುರಿಯಿರಿ. ಹಿಡಿದು ನಿಲ್ಲಲು ಒಂದು ಆಲೂಗಡ್ಡೆ ಹಿಸುಕಿ ಹಾಕಿ. ಪಲ್ಯ ಪೂರ್ತಿ ಆರಬೇಕು. ಹೋದ ವರ್ಷ ಅವಸರಕ್ಕೆ ಬಿಸಿಬಿಸಿ ತುಂಬಿದೆ, ತಳ ರಬ್ಬರಿನಂತಾಯ್ತು. ಮಕ್ಕಳು ಮೇಲಿನದು ತಿಂದು ತಳ ತಟ್ಟೆಯಲ್ಲೇ ಬಿಟ್ಟರು!

ಪಫ್ ಪೇಸ್ಟ್ರಿ ಹಾಳೆ (ಬೆಣ್ಣೆ ಹಾಕಿ ಪದರ ಪದರವಾಗಿ ಮಡಚಿ ಲಟ್ಟಿಸಿದ ಮೈದಾ ಹಿಟ್ಟು) ರೆಡಿಮೇಡ್ ಸಾಕು. ಹಿಂದಿನ ರಾತ್ರಿ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಒಳಗೆ ಕೆಳಗಿನ ಭಾಗದಲ್ಲಿಡಿ. 4 ಇಂಚಿನ ಚೌಕ ಕತ್ತರಿಸಿ, ಒಂದೂವರೆ ಚಮಚ ಪಲ್ಯ ಇಟ್ಟು, ಅಂಚಿಗೆ ನೀರು ಸವರಿ ಮಡಚಿ ಒತ್ತಿ. ಮೇಲೆ ಚಾಕುವಿನಿಂದ ಸಣ್ಣ ಗೀರು. ಹಾಲು ಸವರುವಾಗ ಕತ್ತರಿಸಿದ ಅಂಚಿಗೆ ಇಳಿಯಬಾರದು. ಇಳಿದರೆ ಪದರಗಳು ಅಂಟಿಕೊಂಡು ಉಬ್ಬೋದೇ ಇಲ್ಲ.

ಆಮೇಲೆ 15 ನಿಮಿಷ ಮತ್ತೆ ಫ್ರಿಜ್ಜಿಗೆ. ಇದನ್ನು ಮಾತ್ರ ಬಿಡಬೇಡಿ. ಪದರಗಳ ನಡುವಿನ ಬೆಣ್ಣೆ ಗಟ್ಟಿಯಾಗಿದ್ದು, ಓವನ್‌ನಲ್ಲಿ ಹಿಟ್ಟಿನ ನೀರು ಆವಿಯಾದಾಗಲೇ ಹಾಳೆ ಮೇಲೇಳೋದು. ಮೊದಲೇ ಕಾದಿರುವ ಓವನ್, 200 ಡಿಗ್ರಿ, 20ರಿಂದ 25 ನಿಮಿಷ. ಬಣ್ಣ ಚೆನ್ನಾಗಿ ಕೆಂಪಗಾಗಲಿ, ಬೆಳ್ಳಗಿದ್ದರೆ ಒಳಗೆ ಹಸಿ ಅಂತಲೇ ಅರ್ಥ.

ಜಾಸ್ತಿ ಜನ ಇದ್ದರೆ ಹಿಂದಿನ ದಿನವೇ ತುಂಬಿ ಫ್ರೀಜರಿನಲ್ಲಿಡಿ. ಹಾಗೇ ಓವನ್‌ಗೆ ಹಾಕಬಹುದು, ಐದು ನಿಮಿಷ ಹೆಚ್ಚು ಬೇಕಾಗುತ್ತೆ ಅಷ್ಟೇ.